ಚೀನಾದಲ್ಲಿ ನೋಟು ನಡೆಯುವುದೇ ಇಲ್ಲವೇ?

ಗುವಾಂಗ್‌ಝೌನ ಕ್ಯಾಂಟನ್ ಮೇಳಕ್ಕೆ ಸರಕು ನೋಡಲು ಹೊರಟ ವ್ಯಾಪಾರಿಗೂ, ಚೀನಾದಲ್ಲಿ ಎಂಬಿಬಿಎಸ್ ಓದುವ ಮಗಳನ್ನು ನೋಡಲು ಹೊರಟ ತಂದೆತಾಯಿಗೂ ಎರಡು ಮಾತು ಮೊದಲೇ ಕಿವಿಗೆ ಬಿದ್ದಿರುತ್ತವೆ. ಅಲ್ಲಿ ನೋಟನ್ನು ಯಾರೂ ಮುಟ್ಟುವುದಿಲ್ಲ ಎನ್ನುವುದು ಒಂದು. ಪ್ರತಿಯೊಬ್ಬರಿಗೂ ಸರ್ಕಾರ ಅಂಕ ಹಾಕುತ್ತದೆ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಈ ಅರ್ಧ ಸತ್ಯಗಳಿಗೆ ಹೆದರುತ್ತಾ ಕೂತವರು ನಿಜಕ್ಕೂ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನೇ ಬಿಟ್ಟುಬಿಡುತ್ತಾರೆ.

ನೋಟಿನ ವಿಷಯ ಬೇಗ ಮುಗಿಯುತ್ತದೆ. ಅಂಗಡಿಗಳು ನಗದನ್ನು ನಿರಾಕರಿಸುವಂತಿಲ್ಲ ಎಂದು ಚೀನಾದ ಕೇಂದ್ರ ಬ್ಯಾಂಕ್ 2020ರಲ್ಲಿ ಪ್ರಕಟಣೆಯನ್ನೇ ಹೊರಡಿಸಿದೆ. ನಿಜವಾದ ತೊಂದರೆ ಚಿಲ್ಲರೆಯದು. ನಗದು ವ್ಯವಹಾರ ಕಡಿಮೆಯಾಗಿರುವುದರಿಂದ ನೂರು ಯುವಾನ್ ನೋಟು ಕೊಟ್ಟರೆ ವಾಪಸು ಕೊಡಲು ಅಂಗಡಿಯವರ ಹತ್ತಿರ ಹಣವಿರುವುದಿಲ್ಲ. ಹತ್ತು, ಇಪ್ಪತ್ತರ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.

ನೋಟಿನ ಬದಲು ಅಲ್ಲಿ ಹೆಚ್ಚಾಗಿ ನಡೆಯುವುದು ಅಲಿಪೇ, ವೀಚಾಟ್ ಎಂಬ ಫೋನಿನ ಆ್ಯಪ್‌ಗಳ ಪಾವತಿ. ‘ಅಲಿಪೇ ಬಳಸಲು ಚೀನಾದ ಬ್ಯಾಂಕಿನಲ್ಲೇ ಖಾತೆ ಇರಬೇಕು’ ಎಂಬುದು ಹಳೆಯ ಮಾತು. 2023ರ ಜುಲೈನಿಂದ ವಿದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಅಲಿಪೇಗೂ ವೀಚಾಟ್‌ಗೂ ನೇರವಾಗಿ ಜೋಡಿಸಬಹುದು. 2024ರಲ್ಲಿ ಮಿತಿಯೂ ಏರಿತು: ಒಂದು ಪಾವತಿಗೆ 5,000 ಡಾಲರ್, ವರ್ಷಕ್ಕೆ 50,000 ಡಾಲರ್. ಒಂದು ಸಲಕ್ಕೆ 200 ಯುವಾನ್ ಮೀರಿದರೆ ಶೇ. 3ರಷ್ಟು ಶುಲ್ಕ ಬೀಳುತ್ತದೆ. ಆದರೆ ವಿದೇಶಿ ಕಾರ್ಡಿನಿಂದ ಅಂಗಡಿಗೆ ಕೊಡಬಹುದೇ ಹೊರತು ಮತ್ತೊಬ್ಬ ವ್ಯಕ್ತಿಗೆ ಹಣ ಕಳಿಸಲಾಗದು. ತಳ್ಳುಗಾಡಿಯವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಇಟ್ಟುಕೊಂಡಿದ್ದರೆ ನಿಮ್ಮ ಪಾವತಿ ಅಲ್ಲೇ ನಿಲ್ಲಬಹುದು. ಆ ಹತ್ತರ ನೋಟು ಕೈಹಿಡಿಯುವುದು ಆಗ. ನಮ್ಮಲ್ಲಿ ಗ್ರಾಹಕರೇ ಕ್ಯೂಆರ್ ಸ್ಕ್ಯಾನ್ ಮಾಡುವುದು ರೂಢಿ. ಅಲ್ಲಿ ಎಷ್ಟೋ ಅಂಗಡಿಗಳಲ್ಲಿ ನಿಮ್ಮ ಫೋನಿನಲ್ಲಿರುವ ಕೋಡನ್ನು ಅವರೇ ಸ್ಕ್ಯಾನ್ ಮಾಡಿಕೊಳ್ಳುತ್ತಾರೆ.

‘ಯುಪಿಐ ಈಗ ಎಲ್ಲ ದೇಶದಲ್ಲೂ ನಡೆಯುತ್ತದೆ’ ಎಂದು ನಂಬಿ ಹೋಗಬೇಡಿ. ಸಿಂಗಪುರ, ಯುಎಇ, ಫ್ರಾನ್ಸ್, ನೇಪಾಳದಲ್ಲಿ ನಡೆಯುವುದು ನಿಜ, ಚೀನಾದಲ್ಲಿ ಇಲ್ಲ. ಇದಕ್ಕಿಂತ ದೊಡ್ಡ ಅಡ್ಡಿ ನಮ್ಮ ಮನೆಯಲ್ಲೇ ಇದೆ. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ವ್ಯವಹಾರದ ಸೌಲಭ್ಯವನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು. ಬ್ಯಾಂಕಿನ ಒಟಿಪಿ ಬರುವುದು ಊರಿನ ಸಿಮ್‌ಗೆ, ಅದಕ್ಕೆ ರೋಮಿಂಗ್ ಇಲ್ಲದಿದ್ದರೆ ಕಾರ್ಡಿದ್ದೂ ಇಲ್ಲದಂತೆ. ವೀಚಾಟ್ ಅಂತೂ 2020ರ ಜೂನ್‌ನಿಂದ ಭಾರತದಲ್ಲಿ ನಿಷಿದ್ಧ. ಅದೊಂದನ್ನೇ ನಂಬಿ ಪ್ರಯಾಣ ಯೋಜಿಸಬೇಡಿ.

ರೋಮಿಂಗ್‌ನಿಂದ ಇನ್ನೊಂದು ಉಪಯೋಗವಿದೆ. ‘ಚೀನಾಕ್ಕೆ ಕಾಲಿಟ್ಟರೆ ವಾಟ್ಸ್‌ಆ್ಯಪ್ ಸತ್ತಂತೆ’ ಎನ್ನುತ್ತಾರೆ. ಆದರೆ ಊರಿನ ಸಿಮ್‌ನ ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ಜಾಲದ ಮೂಲಕವೇ ಹಾದುಹೋಗುವುದರಿಂದ ವಾಟ್ಸ್‌ಆ್ಯಪ್, ಜಿಮೇಲ್ ನಡೆಯುತ್ತವೆ. ಹೋಟೆಲಿನ ವೈಫೈಗೋ ಸ್ಥಳೀಯ ಸಿಮ್‌ಗೋ ಬದಲಾದರೆ ನಿಲ್ಲುತ್ತವೆ.

ಇನ್ನು ಅಂಕದ ಮಾತು. ಚೀನಾ ಸರ್ಕಾರ 2014ರಲ್ಲಿ ‘ಸಾಮಾಜಿಕ ವಿಶ್ವಾಸಾರ್ಹತೆ’ಯ ಯೋಜನೆ ಪ್ರಕಟಿಸಿದ್ದು ನಿಜ. ಶಾನ್‌ಡಾಂಗ್‌ನ ರೊಂಗ್‌ಚೆಂಗ್‌ನಂಥ ಕೆಲವು ಊರುಗಳು ನಾಗರಿಕರಿಗೆ ಅಂಕ ಕೊಟ್ಟು ಪ್ರಯೋಗ ನಡೆಸಿದ್ದೂ ನಿಜ. ಆದರೆ ದೇಶದ ಪ್ರತಿ ಪ್ರಜೆಗೂ ಒಂದೊಂದು ಅಂಕ ಎಂಬ ವ್ಯವಸ್ಥೆ ಇಲ್ಲ. 2015ರಲ್ಲಿ ಬಂದ ‘ಸೆಸಮಿ ಕ್ರೆಡಿಟ್’ ಎಂಬ ಅಂಕ ಸರ್ಕಾರದ್ದಲ್ಲ, ಅಲಿಪೇ ನಡೆಸುವ ಖಾಸಗಿ ಕಂಪನಿಯದು. ನಿಜಕ್ಕೂ ಕಠಿಣವಾದದ್ದು ನ್ಯಾಯಾಲಯದ ಪಟ್ಟಿ: ತೀರ್ಪಾದ ಮೇಲೂ ಸಾಲ ತೀರಿಸದವರಿಗೆ ವಿಮಾನದ, ವೇಗದ ರೈಲಿನ ಟಿಕೆಟ್ ಸಿಗದು. ಪ್ರವಾಸಿಗರಿಗೆ ಯಾರೂ ಅಂಕ ಹಾಕುವುದಿಲ್ಲ.

ಖಾಸಗಿತನಕ್ಕೆ ಅಲ್ಲಿ ಕಾನೂನೇ ಇಲ್ಲ ಎಂಬುದೂ ತಪ್ಪು. ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು 2021ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲೇ, ಮುಖ ಗುರುತು ಕಡ್ಡಾಯ ಮಾಡಿದ ಹಾಂಗ್‌ಝೌನ ಪ್ರಾಣಿ ಉದ್ಯಾನದ ಮೇಲೆ ಪ್ರಾಧ್ಯಾಪಕರೊಬ್ಬರು ದಾವೆ ಹೂಡಿ, ತಮ್ಮ ಮುಖದ ಮಾಹಿತಿಯನ್ನು ಅಳಿಸುವಂತೆ ಆದೇಶ ಪಡೆದರು. 2022ರಲ್ಲಿ ಟ್ಯಾಕ್ಸಿ ಸೇವೆ ದೀದಿಗೆ 800 ಕೋಟಿ ಯುವಾನ್‌ಗೂ ಹೆಚ್ಚು ದಂಡ ಬಿತ್ತು. ಕಂಪನಿಗಳ ಕೈಕಟ್ಟುವ ಈ ಕಾನೂನು ಸರ್ಕಾರದ ಕೈಯನ್ನು ಅಷ್ಟಾಗಿ ಕಟ್ಟುವುದಿಲ್ಲ. ಇದನ್ನು ಮರೆಯಬಾರದು. ವೀಚಾಟ್‌ನ ಸಂದೇಶಗಳಿಗೆ ವಾಟ್ಸ್‌ಆ್ಯಪ್‌ನಂತೆ ಕಳಿಸುವವರಿಂದ ಪಡೆಯುವವರವರೆಗಿನ ಗೂಢಲಿಪಿ ಇಲ್ಲ. ಮಗಳ ಬಾಡಿಗೆ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು. ಹೋಟೆಲಾದರೆ ಪಾಸ್‌ಪೋರ್ಟ್ ನೋಡಿ ಅವರೇ ಮಾಡುತ್ತಾರೆ. ರಾಷ್ಟ್ರೀಯ ಭದ್ರತಾ ಅಧಿಕಾರಿಗಳು ಫೋನು, ಲ್ಯಾಪ್‌ಟಾಪ್ ಪರಿಶೀಲಿಸಲು ಅನುವಾಗುವ ನಿಯಮಗಳೂ 2024ರ ಜುಲೈ 1ರಿಂದ ಜಾರಿಯಲ್ಲಿವೆ. ಆದ್ದರಿಂದ ಈ ಪ್ರಯಾಣಕ್ಕೆ ಬೇಡದ ಒಪ್ಪಂದದ ಕರಡು, ದರಪಟ್ಟಿ, ಗ್ರಾಹಕರ ವಿವರಗಳನ್ನು ಫೋನಿನಿಂದ ತೆಗೆದು ಮನೆಯಲ್ಲೇ ಇಟ್ಟು ಹೊರಡಿ.