ಜಗಲಿಗೆ ಲಂಟಾನದ ತೂಗುಬುಟ್ಟಿ

ಬಂಗಲೆಗಳ ಮುಂದೆ ತೂಗುವ ಹೂಕುಂಡಗಳನ್ನು ಕಂಡು, ತನ್ನ ಜಗಲಿಗೂ ಅಂಥದೊಂದಿರಲಿ ಎಂದು ಆಸೆಪಡದ ಗೃಹಿಣಿ ಅಪರೂಪ. ಅಂಗಡಿಯ ಬೆಲೆ ಕೇಳಿದೊಡನೆ ಆ ಆಸೆ ಬಾಡುತ್ತದೆ. ಆದರೆ ಕಾಸಿಲ್ಲದೆ ಒದಗುವ ಸಾಮಗ್ರಿಯೊಂದು ಊರ ಬೇಲಿಯಲ್ಲೇ ಬೆಳೆದು ನಿಂತಿದೆ. ಅದೇ ಲಂಟಾನ.

ಅಮೆರಿಕ ಖಂಡದ ಈ ಪೊದೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ಇಂದು ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಅರಣ್ಯದಲ್ಲಿ ಅದು ಹುಲ್ಲನ್ನೂ ಎಳೆಯ ಸಸಿಗಳನ್ನೂ ಅದುಮಿ ಹಬ್ಬಿದೆ. ಅದರ ಎಲೆ ದನಗಳಿಗೆ ವಿಷ. ಕಾಡು ಬಡವಾದರೆ ಮೊದಲು ನೋಯುವವರು ಅದನ್ನೇ ನೆಚ್ಚಿದ ಸೋಲಿಗರು. ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಬೆಟ್ಟದ ಕೆಲವು ಕುಟುಂಬಗಳು ಈ ಶತ್ರುವನ್ನೇ ಕಸುಬಿನ ಆಸರೆಯಾಗಿಸಿಕೊಂಡವು. ಬಿದಿರಿನ ಬದಲು ಲಂಟಾನದಿಂದಲೇ ಕುರ್ಚಿ, ಬುಟ್ಟಿಗಳನ್ನು ಮಾಡತೊಡಗಿದವು.

ಅದೇ ಕ್ರಮವನ್ನು ಮನೆಯಲ್ಲಿಯೂ ಅನುಸರಿಸಬಹುದು. ಕಾಂಡದಲ್ಲಿ ಮುಳ್ಳಿರುವುದರಿಂದ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ಬೇಲಿಯಿಂದ ಕತ್ತರಿಸಬೇಕು. ಸಿಪ್ಪೆ ಸಡಿಲವಾಗುವವರೆಗೆ ಅಂಗಳದ ಒಲೆಯಲ್ಲಿ ಕುದಿಸಿ, ಬಿಸಿಯಿರುವಾಗಲೇ ಸುಲಿಯಬೇಕು. ಆಗ ಕಡ್ಡಿ ಮುರಿಯದೆ ಬಾಗುತ್ತದೆ. ಎರಡಡಿ ಉದ್ದದ ನಾಲ್ಕು ಕಡ್ಡಿಗಳನ್ನು ನಕ್ಷತ್ರದಂತೆ ಅಡ್ಡಡ್ಡ ಕಟ್ಟಿ, ಒಂದಡಿಯ ಇನ್ನೊಂದು ತುಂಡನ್ನು ನಡುವೆ ಸಿಕ್ಕಿಸಬೇಕು. ಹೀಗೆ ಒಂಬತ್ತು ಕೈಗಳಾಗುತ್ತವೆ. ಕೈಗಳು ಬೆಸವಾಗಿದ್ದರೆ ಮಾತ್ರ ತೆಳು ಕಡ್ಡಿಯನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತ ನಿಲ್ಲಿಸದೆ ನೇಯಬಹುದು. ತಳ ಎಂಟು ಅಂಗುಲವಾದಾಗ ಕೈಗಳನ್ನು ಮೇಲಕ್ಕೆ ಬಾಗಿಸಿ, ಆರು ಅಂಗುಲ ಎತ್ತರ ನೇಯ್ದು, ತುದಿಗಳನ್ನು ಒಳಕ್ಕೆ ಮಡಚಬೇಕು.

ಒಳಗೆ ತೆಂಗಿನ ನಾರನ್ನು ಒತ್ತಾಗಿ ಹಾಸಿ, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರಗಳನ್ನು ಸಮವಾಗಿ ಬೆರೆಸಿ ತುಂಬಬೇಕು. ನೆರಳಿದ್ದರೆ ಜರೀಗಿಡ, ಬಿಸಿಲು ಬೀಳುವಲ್ಲಿ ದೊಡ್ಡಪತ್ರೆ ಸೊಗಸು; ದೊಡ್ಡಪತ್ರೆ ತಂಬುಳಿಗೂ ಒದಗುತ್ತದೆ.

ತೂಗುಹಾಕುವಾಗ ಎಚ್ಚರ ಅಗತ್ಯ. ನೀರು ಹೀರಿದ ಬುಟ್ಟಿ ಏಳೆಂಟು ಕಿಲೋ ತೂಗಬಹುದು. ಆದ್ದರಿಂದ ಕೊಕ್ಕೆಯನ್ನು ಹೆಂಚಿನ ರೀಪಿಗಲ್ಲ, ತೊಲೆಗೇ ಬಿಗಿಯಬೇಕು; ಮಕ್ಕಳು ಓಡಾಡುವ ದಾರಿಯ ಮೇಲೆ ಕಟ್ಟಬಾರದು. ಸದಾ ತೇವದಲ್ಲಿರುವ ನಾರಿನ ಹಗ್ಗ ಕೊಳೆಯುತ್ತದೆ. ಸತುವಿನ ಲೇಪವಿರುವ ತಂತಿಯ ಮೂರು ಎಳೆಗಳು ಉತ್ತಮ. ಕೆಳಗೆ ತಟ್ಟೆಯಿಟ್ಟರೆ ಅದರ ನೀರನ್ನು ಆಗಾಗ ಚೆಲ್ಲಬೇಕು. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರೇ ಸಾಕು.

ಇನ್ನೊಂದು ಮಾತು. ಕತ್ತರಿಸಿದ ಲಂಟಾನ ಮತ್ತೆ ಚಿಗುರುತ್ತದೆ; ಬೇಲಿಯಲ್ಲಿ ಅದು ಬೇಡವಾದರೆ ಬೇರುಸಹಿತ ಕೀಳಬೇಕು. ಬುಟ್ಟಿಯೊಳಗಂತೂ ಅದರ ಹೂವಿನ ಚೆಲುವಿಗೆ ಮರುಳಾಗಿ ಅದನ್ನೇ ನೆಡಬಾರದು. ಅಂದು ಕಾಡಿಗೆ ಕುತ್ತು ಬಂದದ್ದೂ ಒಂದು ಹೂವಿನ ಮೋಹದಿಂದಲೇ.