ಮಿದುಳಿನಲ್ಲೊಂದು ಉಂಗುರ: ಗಡ್ಡೆಯೇ, ಉರಿಯೂತವೇ?

ತಿತಿಮತಿಯಲ್ಲಿ ನಿಮ್ಮ ಸಹಪಾಠಿಯೊಬ್ಬನಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂತೆಂದು ಭಾವಿಸಿ. ಮೈಸೂರಿನಲ್ಲಿ ತೆಗೆಸಿದ ಸಿ.ಟಿ. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ಪುಟ್ಟ ಬಿಳಿ ಉಂಗುರ ಕಾಣುತ್ತದೆ. ಮನೆಯವರು ಕಂಗಾಲಾಗುತ್ತಾರೆ. ಅದು ಗಡ್ಡೆಯೇ ಆಗಿರಬೇಕೆ?

ಬೇಕಿಲ್ಲ. ಉರಿಯೂತವಾದಲ್ಲಿ ರಕ್ತನಾಳಗಳ ಗೋಡೆ ಸಡಿಲಗೊಂಡು, ರಕ್ತಕ್ಕೆ ಚುಚ್ಚಿದ ಕಾಂಟ್ರಾಸ್ಟ್ ದ್ರವ ಒಸರುತ್ತದೆ, ಅದೇ ಉಂಗುರ. ಗಡ್ಡೆಯಲ್ಲೂ ಹೀಗಾಗುವುದರಿಂದ ಚಿತ್ರವೊಂದನ್ನೇ ನಂಬುವಂತಿಲ್ಲ. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿ ಮತ್ತು ಕ್ಷಯ ಇದಕ್ಕೆ ಸಾಮಾನ್ಯ ಕಾರಣಗಳು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಚಾಂಡಿ, ಡಾ. ರಾಜಶೇಖರ್ ಮತ್ತು ಸಂಗಡಿಗರು ಇಂಥ ಚಿಕ್ಕ ಕಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅನೇಕವು ಹುಳುವಿನವೆಂದು 1991ರಲ್ಲಿ ಪ್ರಕಟಿಸಿದರು.

ಉಂಗುರ 20 ಮಿಲಿಮೀಟರಿಗಿಂತ ಚಿಕ್ಕದಿದ್ದು, ತಲೆಯೊಳಗಿನ ಒತ್ತಡ ಏರಿರದೆ, ಬೇರೆಡೆ ಕ್ಷಯದ ಸುಳಿವೂ ಇಲ್ಲದಿದ್ದರೆ, ವೈದ್ಯರು ಔಷಧ ಕೊಟ್ಟು ಕೆಲವು ವಾರಗಳ ನಂತರ ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಕುಗ್ಗಿದರೆ ಆಪರೇಷನ್ ಬೇಕಾಗದು. ಬೆಳೆದರೆ ತುಣುಕು ತೆಗೆದು ಪರೀಕ್ಷಿಸಬೇಕು.

ಹಂದಿಮಾಂಸ ಮುಟ್ಟದವರಿಗೂ ಈ ರೋಗ ಬರುತ್ತದೆ. ಹುಳುವಿನ ಮೊಟ್ಟೆ ಹೊಟ್ಟೆ ಸೇರುವುದು ಮಲ ಬೆರೆತ ನೀರು, ತೊಳೆಯದ ಸೊಪ್ಪು, ಕೊಳಕು ಕೈಗಳಿಂದ. ಕೈ ತೊಳೆಯಿರಿ. ಫಿಟ್ಸ್ ಬಂದವರನ್ನು ತಪ್ಪದೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಂಗುರ ಕಂಡಿತೆಂದು ಮಾತ್ರ ಧೈರ್ಯಗೆಡಬೇಡಿ.