ಎರಡು ಚುಕ್ಕಿ ಎಲ್ಲಿಗೆ ಒಯ್ಯುತ್ತವೆ? ಯುಆರ್‌ಎಲ್ ಪಾತ್ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸಿ ಭಾಷೆ ಕಲಿಯುವ ಹುಡುಗ ಹುಡುಗಿಯರು ಪಾಯಿಂಟರ್ ಅಂದರೆ ಹೆದರುತ್ತಾರೆ, ಸ್ಟ್ರಿಂಗ್ ಅಂದರೆ ಹೆದರುವುದಿಲ್ಲ. ನಿಜಕ್ಕೂ ಹೆದರಬೇಕಾದ್ದು ಸ್ಟ್ರಿಂಗಿಗೆ. ಅದರಲ್ಲೂ ಯುಆರ್‌ಎಲ್‌ನ ಪಾತ್ ಬಿಡಿಸಿ ಸರಳಗೊಳಿಸುವ ಕೆಲಸ ನೋಡಲು ಹತ್ತು ಸಾಲಿನದು. ಆದರೆ ಜಗತ್ತಿನ ದೊಡ್ಡ ದೊಡ್ಡ ವೆಬ್ ಸರ್ವರ್‌ಗಳು ಎಡವಿರುವುದು ಈ ಹತ್ತು ಸಾಲಿನಲ್ಲೇ. ಎಡವಿದ್ದಕ್ಕೆ ಕಾರಣ ಜಾಣತನದ ಕೊರತೆಯಲ್ಲ, ಎಲ್ಲರ ತಲೆಯಲ್ಲೂ ಕೂತಿರುವ ಕೆಲವು ತಪ್ಪು ಕಲ್ಪನೆಗಳು.

ಉದಾಹರಣೆಗೆ ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ರಾಯಚೂರು ಜಿಲ್ಲೆಯ ನೋಡತಕ್ಕ ಜಾಗಗಳ ಬಗ್ಗೆ ಒಂದು ಜಾಲತಾಣ ಮಾಡಿದ್ದೀರಿ ಎಂದುಕೊಳ್ಳಿ. ಮಸ್ಕಿಯ ಅಶೋಕನ ಶಾಸನದ ಪುಟದ ಪಾತ್ ಹೀಗಿದೆ:

/ರಾಯಚೂರು/ಲಿಂಗಸುಗೂರು/ಮಸ್ಕಿ/ಶಾಸನ

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಈ ಶಾಸನದ ಪುಟದಿಂದ ಮುದಗಲ್ ಕೋಟೆಯ ಪುಟಕ್ಕೆ ಒಂದು ಕೊಂಡಿ ಕೊಡಬೇಕು. ನೀವು ಬರೆದದ್ದು: ../ಮುದಗಲ್/./ಕೋಟೆ. ಇದನ್ನು ಪೂರ್ತಿ ಪಾತ್ ಆಗಿ ಬಿಡಿಸುವ ನಿಯಮ 2005ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 3986 ಎಂಬ ಇಂಟರ್ನೆಟ್ ಮಾನದಂಡದಲ್ಲಿದೆ. ಬರೆದವರು ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್ ಮತ್ತು ಲ್ಯಾರಿ ಮಾಸಿಂಟರ್. ಮೊದಲು, ಮೂಲ ಪಾತ್‌ನಲ್ಲಿ ಕೊನೆಯ ಸ್ಲ್ಯಾಶ್ ನಂತರ ಇರುವುದನ್ನು ಕತ್ತರಿಸಿ, ಅಲ್ಲಿಗೆ ಹೊಸದನ್ನು ಅಂಟಿಸಬೇಕು:

/ರಾಯಚೂರು/ಲಿಂಗಸುಗೂರು/ಮಸ್ಕಿ/../ಮುದಗಲ್/./ಕೋಟೆ

ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ತುಂಡು ಓದುತ್ತ ಹೋಗಬೇಕು. ಹೆಸರು ಬಂದರೆ ಫಲಿತಾಂಶಕ್ಕೆ ಸೇರಿಸಿ. ಒಂದು ಚುಕ್ಕಿ ಬಂದರೆ ಬಿಡಿ. ಎರಡು ಚುಕ್ಕಿ ಬಂದರೆ ಫಲಿತಾಂಶದ ಕೊನೆಯ ತುಂಡನ್ನು ಅದರ ಹಿಂದಿರುವ ಸ್ಲ್ಯಾಶ್ ಸಮೇತ ತೆಗೆದುಹಾಕಿ. ಉಳಿಯುವುದು:

/ರಾಯಚೂರು/ಲಿಂಗಸುಗೂರು/ಮುದಗಲ್/ಕೋಟೆ

ಇಷ್ಟೇ ಕೆಲಸ. ಇನ್ನು ತಪ್ಪು ಕಲ್ಪನೆಗಳಿಗೆ ಬರೋಣ.

“ರಿಯಲ್‌ಪಾತ್ ಕರೆದ್ರ ಆತ್ರಿ ಸರ್, ಅದೇ ಎಲ್ಲಾ ಮಾಡತದ”

ಎಲ್ಲ ತಪ್ಪುಗಳ ತಾಯಿಬೇರು ಇದು. ಸಿ ಲೈಬ್ರರಿಯ ರಿಯಲ್‌ಪಾತ್ ಎಂಬ ಫಂಕ್ಷನ್ ಡಿಸ್ಕಿನ ಫೋಲ್ಡರ್‌ಗಳನ್ನು ನಿಜವಾಗಿ ನಡೆದು ನೋಡುತ್ತದೆ. ಫೈಲ್ ಇಲ್ಲದಿದ್ದರೆ ಸೋಲುತ್ತದೆ, ಸಿಂಬಾಲಿಕ್ ಲಿಂಕ್ ಸಿಕ್ಕರೆ ಅದರ ಹಿಂದೆ ಹೋಗುತ್ತದೆ. ಯುಆರ್‌ಎಲ್ ಪಾತ್ ಫೋಲ್ಡರ್ ಅಲ್ಲ, ಅದು ಬರಿಯ ಅಕ್ಷರ. ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವವರು ಹೆದ್ದಾರಿಯಲ್ಲಿ ಮಸ್ಕಿ ದಾಟಲೇಬೇಕು. ಪಾತ್ ಬಿಡಿಸುವವರು ಎಲ್ಲಿಗೂ ಹೋಗಬೇಕಿಲ್ಲ, ಕಾಗದದ ಮೇಲಿನ ವಿಳಾಸ ತಿದ್ದಿದರೆ ಸಾಕು.

ಈ ವ್ಯತ್ಯಾಸ ಎಲ್ಲಿ ಕಚ್ಚುತ್ತದೆ ನೋಡಿ. ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿ, 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿತು. ನೀವು ಜಾಲತಾಣದಲ್ಲೂ ಮಸ್ಕಿ ಫೋಲ್ಡರನ್ನು ನೇರ ರಾಯಚೂರಿನ ಕೆಳಗೆ ತಂದಿರಿ. ಹಳೆಯ ವಿಳಾಸ ಕೆಡಬಾರದೆಂದು ಲಿಂಗಸುಗೂರಿನೊಳಗೆ ಒಂದು ಸಿಂಬಾಲಿಕ್ ಲಿಂಕ್ ಇಟ್ಟಿರಿ. ಈಗ ಹಳೆಯ ಪಾತ್‌ನಲ್ಲಿ /ರಾಯಚೂರು/ಲಿಂಗಸುಗೂರು/ಮಸ್ಕಿ/.. ಎಂದರೆ ಎಲ್ಲಿಗೆ? ಬ್ರೌಸರ್ ಹೇಳುತ್ತದೆ ಲಿಂಗಸುಗೂರು. ರಿಯಲ್‌ಪಾತ್ ಹೇಳುತ್ತದೆ ರಾಯಚೂರು. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ, ಆದರೆ ನಿಮ್ಮ ಮುದಗಲ್ ಕೊಂಡಿ ಒಂದರಲ್ಲಿ ಮಾತ್ರ ತೆರೆಯುತ್ತದೆ. ಇನ್ನು ಹೊಸ ವಿಳಾಸದ ಪುಟದಲ್ಲಿ ಅದೇ ಕೊಂಡಿ /ರಾಯಚೂರು/ಮುದಗಲ್/ಕೋಟೆ ಆಗಿ, ಇಲ್ಲದ ಪುಟಕ್ಕೆ ಕಳಿಸುತ್ತದೆ. ಮುದಗಲ್ ಇರುವುದು ಇವತ್ತಿಗೂ ಲಿಂಗಸುಗೂರು ತಾಲ್ಲೂಕಿನಲ್ಲೇ. ಆಡಳಿತದ ಗಡಿಗಳನ್ನು ಪಾತ್‌ನಲ್ಲಿ ಇಡುವುದೇ ತಪ್ಪು ಎಂದು ನನಗೆ ಅನಿಸುವುದು ಇದಕ್ಕೇ.

ರಿಯಲ್‌ಪಾತ್‌ಗೆ ಕೆಲಸವೇ ಇಲ್ಲ ಎಂದಲ್ಲ. ಪಾತನ್ನು ಅಕ್ಷರವಾಗಿ ಬಿಡಿಸಿ ಮುಗಿದ ಮೇಲೆ, ಫೈಲ್ ತೆರೆಯುವ ಹೊತ್ತಿಗೆ, ಅದು ನಿಮ್ಮ ಫೋಲ್ಡರಿನ ಒಳಗೇ ಇದೆಯೇ ಎಂದು ಪರೀಕ್ಷಿಸಲು ಅದು ಬೇಕು. ಲಿನಕ್ಸ್ 5.6ರಿಂದ ಈಚೆಗೆ ಅದಕ್ಕೆ ಇನ್ನೂ ಗಟ್ಟಿಯಾದ ಓಪನ್‌ಎಟ್2 ಕರೆ ಬಂದಿದೆ. ಎರಡೂ ಹಂತ ಬೇಕು, ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು.

“ಕೊನೆಯ ಸ್ಲ್ಯಾಶ್ ಇದ್ದರೂ ಅಷ್ಟೆ, ಬಿಟ್ಟರೂ ಅಷ್ಟೆ”

/ರಾಯಚೂರು/ಮಸ್ಕಿ ಎಂಬ ಪುಟದಲ್ಲಿ “ಶಾಸನ” ಎಂಬ ಕೊಂಡಿ ಒತ್ತಿದರೆ /ರಾಯಚೂರು/ಶಾಸನಕ್ಕೆ ಹೋಗುತ್ತೀರಿ. /ರಾಯಚೂರು/ಮಸ್ಕಿ/ ಎಂಬಲ್ಲಿಂದ ಅದೇ ಕೊಂಡಿ ಒತ್ತಿದರೆ /ರಾಯಚೂರು/ಮಸ್ಕಿ/ಶಾಸನಕ್ಕೆ. ಕೊನೆಯ ಸ್ಲ್ಯಾಶ್ ನಂತರದ್ದನ್ನು ಕತ್ತರಿಸಬೇಕೆಂಬ ನಿಯಮ ನೆನಪಿದ್ದರೆ ಇದು ತಾನಾಗಿ ಅರ್ಥವಾಗುತ್ತದೆ. ಪಾತ್‌ನ ಕೊನೆ ಚುಕ್ಕಿಗಳಲ್ಲಿ ಮುಗಿದರೂ ಸ್ಲ್ಯಾಶ್ ಉಳಿಯಬೇಕು: /ರಾಯಚೂರು/ಮಸ್ಕಿ/.. ಎಂಬುದು /ರಾಯಚೂರು/ ಆಗಬೇಕೇ ಹೊರತು /ರಾಯಚೂರು ಅಲ್ಲ.

“ಸ್ಟ್ರ್‌ಟಾಕ್ ಹಾಕಿ ತುಂಡು ಮಾಡಿದರೆ ಮುಗೀತು”

ಸ್ಟ್ರ್‌ಟಾಕ್ ಮೂರು ಕಡೆ ಮೋಸ ಮಾಡುತ್ತದೆ. ಕೊಟ್ಟ ಸ್ಟ್ರಿಂಗನ್ನೇ ಕತ್ತರಿಸುತ್ತದೆ. ಹಾಗಾಗಿ ಕೋಡಿನಲ್ಲಿ ನೇರ ಬರೆದ ಸ್ಟ್ರಿಂಗನ್ನು ಕೊಟ್ಟರೆ ಪ್ರೋಗ್ರಾಂ ಬಿದ್ದುಹೋಗಬಹುದು. ಕೊನೆಯ ಸ್ಲ್ಯಾಶ್ ಇತ್ತೋ ಇಲ್ಲವೋ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಸ್ಲ್ಯಾಶ್ ಒಟ್ಟಿಗೆ ಬಂದರೆ ಒಂದೇ ಎಂದು ನುಂಗಿಬಿಡುತ್ತದೆ.

ನುಂಗಿದರೆ ಏನಾಯಿತು ಎನ್ನಬಹುದು. ಆರ್‌ಎಫ್‌ಸಿ ಪ್ರಕಾರ ಎರಡು ಸ್ಲ್ಯಾಶ್ ನಡುವೆ ಒಂದು ಖಾಲಿ ತುಂಡಿದೆ, ಖಾಲಿಯಾದರೂ ಅದು ತುಂಡೇ. /ಹಟ್ಟಿ//../ಗಣಿ ಎಂಬುದನ್ನು ನಿಯಮದಂತೆ ಬಿಡಿಸಿದರೆ ಎರಡು ಚುಕ್ಕಿಗಳು ಆ ಖಾಲಿ ತುಂಡನ್ನು ತೆಗೆದು /ಹಟ್ಟಿ/ಗಣಿ ಉಳಿಸುತ್ತವೆ. ಮೊದಲು ಸ್ಲ್ಯಾಶ್ ಕೂಡಿಸಿ ಆಮೇಲೆ ಬಿಡಿಸಿದರೆ ಹಟ್ಟಿಯೇ ಹಾರಿಹೋಗಿ ಬರೀ /ಗಣಿ ಉಳಿಯುತ್ತದೆ. ಎಂಜಿನ್‌ಎಕ್ಸ್, ಅಪಾಚೆ ಸರ್ವರ್‌ಗಳು ಮಾಮೂಲಾಗಿ ಸ್ಲ್ಯಾಶ್‌ಗಳನ್ನು ಕೂಡಿಸುತ್ತವೆ ನಿಜ, ಅದು ಸರ್ವರ್ ತನ್ನ ಫೈಲ್‌ಗಳಿಗಾಗಿ ಮಾಡಿಕೊಂಡ ಆಯ್ಕೆ. ಕೊಂಡಿ ಬಿಡಿಸುವ ನಿಮ್ಮ ಕೋಡಿಗೆ ಆ ಸ್ವಾತಂತ್ರ್ಯವಿಲ್ಲ.

ಇನ್ನೊಂದು ಕಡೆ ಖಾಲಿ ತುಂಡು ನಿಜಕ್ಕೂ ಅಪಾಯ. /..//ಹಟ್ಟಿ ಎಂಬುದನ್ನು ಬಿಡಿಸಿದರೆ ಬರುವುದು //ಹಟ್ಟಿ. ಎರಡು ಸ್ಲ್ಯಾಶ್‌ನಿಂದ ಶುರುವಾದದ್ದನ್ನು ಬ್ರೌಸರ್ ಬೇರೊಂದು ಜಾಲತಾಣದ ಹೆಸರೆಂದು ಓದುತ್ತದೆ! ಅದನ್ನು ಹಾಗೇ ರೀಡೈರೆಕ್ಟ್‌ಗೆ ಕೊಟ್ಟರೆ, ಓದುಗರನ್ನು ನೀವೇ ಕೈಹಿಡಿದು ಕಳ್ಳರ ಮನೆಗೆ ಕಳಿಸಿದಂತೆ.

“ಬೇರಿಗಿಂತ ಮೇಲೆ ಯಾರು ಹೋಗ್ತಾರೆ, ಅದನ್ನೇಕೆ ನೋಡಬೇಕು?”

ಬೇರು ಅಂದರೆ ಪಾತ್‌ನ ಮೊದಲ ಸ್ಲ್ಯಾಶ್. ಅದಕ್ಕಿಂತ ಮೇಲೆ ದಾಳಿ ಮಾಡುವವರು ಹೋಗುತ್ತಾರೆ. /../../ಮಸ್ಕಿ ಎಂದು ಬಂದರೆ ತೆಗೆಯಲು ತುಂಡೇ ಇಲ್ಲ. 1998ರ ಆರ್‌ಎಫ್‌ಸಿ 2396 ಇಂಥ ಹೆಚ್ಚುವರಿ ಚುಕ್ಕಿಗಳನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ಎಂಬುದನ್ನು ಕೋಡ್ ಬರೆಯುವವರಿಗೇ ಬಿಟ್ಟಿತ್ತು. 3986 ಅನುಮಾನ ಉಳಿಸಲಿಲ್ಲ: ಬಿಟ್ಟುಬಿಡಿ, ಬೇರಿನಲ್ಲೇ ಇರಿ ಎಂದಿತು.

ಸಿ ಭಾಷೆಯಲ್ಲಿ ಈ ಜಾಗ ಬಹಳ ಸೂಕ್ಷ್ಮ. ಬಿಡಿಸಿದ ಪಾತ್ ಮೂಲಕ್ಕಿಂತ ಎಂದೂ ಉದ್ದವಾಗುವುದಿಲ್ಲ. ಹಾಗಾಗಿ ಅದೇ ಬಫರ್‌ನಲ್ಲಿ, ಓದುವ ಪಾಯಿಂಟರ್ ಒಂದು, ಬರೆಯುವ ಪಾಯಿಂಟರ್ ಒಂದು ಇಟ್ಟುಕೊಂಡು ಕೆಲಸ ಮುಗಿಸಬಹುದು. ಎರಡು ಚುಕ್ಕಿ ಬಂದಾಗ ಬರೆಯುವ ಪಾಯಿಂಟರ್ ಹಿಂದಿನ ಸ್ಲ್ಯಾಶ್ ಸಿಗುವವರೆಗೆ ಹಿಂದಕ್ಕೆ ಸರಿಯುತ್ತದೆ. ಹಿಂದೆ ಸ್ಲ್ಯಾಶ್ ಇಲ್ಲದಿದ್ದರೆ? ಬಫರ್‌ನ ಆರಂಭ ದಾಟಿ ಬೇರೆಯವರ ಮೆಮೊರಿಯೊಳಗೆ ಹೋಗುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಆದದ್ದು ಇದೇ ಬಗೆಯ ತಪ್ಪು. ಯುಆರ್‌ಎಲ್ ಬಿಡಿಸುವ ಅದರ ಸಿ ಕೋಡಿನಲ್ಲಿದ್ದ ಈ ದೋಷ 2004ರ ಮೊದಲ ಬಹಿರಂಗ ಆವೃತ್ತಿ 0.1.0ರಿಂದಲೇ ಇತ್ತು. 2009ರ ಸೆಪ್ಟೆಂಬರ್‌ನಲ್ಲಿ ಸಿವಿಇ-2009-2629 ಎಂಬ ಸಂಖ್ಯೆಯಡಿ ಬಯಲಾಯಿತು. ಹೊರಗಿನವರು ಹೆಣೆದು ಕಳಿಸಿದ ಒಂದು ಕೋರಿಕೆಯಿಂದ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಲು ದಾರಿಯಾಗುವಂಥ ದೋಷ ಅದು. ಹಿಂದೆ ಸರಿಯುವ ಮುನ್ನ “ಆರಂಭಕ್ಕೆ ಬಂದೆನೇ?” ಎಂದು ಕೇಳುವ ಒಂದು ಸಾಲು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

“ಎರಡು ಚುಕ್ಕಿ ಸ್ಲ್ಯಾಶ್ ಕಂಡಲ್ಲೆಲ್ಲ ಅಳಿಸಿಬಿಡೋಣ”

....// ಎಂದು ಬಂದರೆ ನಡುವಿನ ../ ಅಳಿಸಿ ನೋಡಿ. ಆಚೀಚೆ ಉಳಿದದ್ದು ಸೇರಿ ಮತ್ತೆ ../ ಹುಟ್ಟುತ್ತದೆ. ಅಲ್ಲದೆ ..ಕೋಟೆ, ಕೋಟೆ.., ಮೂರು ಚುಕ್ಕಿ, ಇವೆಲ್ಲ ಮಾಮೂಲು ಹೆಸರುಗಳು. ಇಡೀ ತುಂಡು ಒಂದು ಚುಕ್ಕಿ ಅಥವಾ ಎರಡು ಚುಕ್ಕಿಯಾಗಿದ್ದರೆ ಮಾತ್ರ ಅದಕ್ಕೆ ವಿಶೇಷ ಅರ್ಥ. ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಚುಕ್ಕಿಗಳಿಗಂತೂ ಯಾವ ಅರ್ಥವೂ ಇಲ್ಲ. ಮೊದಲು ಯುಆರ್‌ಎಲ್ ಬಿಡಿಭಾಗ ಮಾಡಿ, ಪಾತ್ ಒಂದನ್ನೇ ಕೈಗೆತ್ತಿಕೊಳ್ಳಬೇಕು.

“ಶೇಕಡಾ ಸಂಕೇತಗಳನ್ನು ಮೊದಲೇ ಎಲ್ಲ ಬಿಡಿಸಿಟ್ಟರೆ ಒಳ್ಳೇದು”

ಇಲ್ಲಿ ನಮ್ಮೂರ ರೈತರಿಗೆ ಗೊತ್ತಿರುವ ಒಂದು ವಿಷಯ ನೆರವಿಗೆ ಬರುತ್ತದೆ. ಸಿಂಧನೂರಿನ ಗದ್ದೆಯ ಪಹಣಿಯಲ್ಲಿ ಸರ್ವೆ ನಂಬರ್ 45/2 ಎಂದಿರುತ್ತದೆ. ಆ ಸ್ಲ್ಯಾಶ್ ಹಿಸ್ಸಾ ತೋರಿಸುವುದಕ್ಕೆ, ಅದು ಹೆಸರಿನದೇ ಭಾಗ. ಅದನ್ನು ಪಾತ್‌ನೊಳಗೆ ಇಡಬೇಕಾದರೆ /ಸಿಂಧನೂರು/ಪಹಣಿ/45%2ಎಫ್2 ಎಂದು, ಸ್ಲ್ಯಾಶ್ ಜಾಗದಲ್ಲಿ ಶೇಕಡಾ ಚಿಹ್ನೆ ಮತ್ತು ಅದರ ಹೆಕ್ಸ್ ಬೆಲೆ ಇಟ್ಟು, ಸಂಕೇತದಲ್ಲಿ ಬರೆಯುತ್ತೇವೆ. ಮೊದಲೇ ಎಲ್ಲ ಸಂಕೇತ ಬಿಡಿಸಿದರೆ 45 ಒಂದು ತುಂಡು, 2 ಇನ್ನೊಂದು ತುಂಡಾಗಿ, ಒಂದು ಹೊಲ ಎರಡಾಯಿತು. ಆದ್ದರಿಂದ ಸ್ಲ್ಯಾಶ್‌ನ ಸಂಕೇತವನ್ನು ತುಂಡು ಮಾಡಿ ಮುಗಿದ ಮೇಲಷ್ಟೇ ಬಿಡಿಸಬೇಕು.

ಚುಕ್ಕಿಯ ಸಂಕೇತ %2ಇ ಮಾತ್ರ ಬೇರೆ ಜಾತಿ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೀಟು, ಚುಕ್ಕಿ, ಅಡಿಗೀಟು, ಟಿಲ್ಡೆ, ಇವುಗಳ ಸಂಕೇತ ಮತ್ತು ಮೂಲ ಎರಡೂ ಒಂದೇ ಎಂದು ಆರ್‌ಎಫ್‌ಸಿ ಹೇಳುತ್ತದೆ. ಇವನ್ನು ಚುಕ್ಕಿ ತೆಗೆಯುವ ಮುನ್ನವೇ ಬಿಡಿಸಬೇಕು. ಈ ಸರದಿಯಲ್ಲಿ ಎಡವಿದ್ದು ಅಪಾಚೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ 2.4.49 ಆವೃತ್ತಿಯಲ್ಲಿ ಪಾತ್ ಸರಳಗೊಳಿಸುವ ಕೋಡ್ ಬದಲಾಗಿತ್ತು. ಅದು ಎರಡನೇ ಚುಕ್ಕಿ ಸಂಕೇತದಲ್ಲಿದ್ದಾಗ, ಅಂದರೆ .%2ಇ/ ಎಂದಿದ್ದಾಗ, ಗುರುತಿಸಲಿಲ್ಲ. ಹೊರಗಿನ ಫೋಲ್ಡರ್‌ಗಳಿಗೆ ತಡೆ ಹಾಕದಿದ್ದ ಸರ್ವರ್‌ಗಳಲ್ಲಿ ಯಾರು ಬೇಕಾದರೂ ಒಳಗಿನ ಫೈಲ್ ಓದಬಹುದಾಯಿತು. ಅಕ್ಟೋಬರ್ 4ಕ್ಕೆ 2.4.50 ಬಂತು. ಅದೂ ಸಾಲಲಿಲ್ಲ: ಸಂಕೇತದ ಮೇಲೆ ಸಂಕೇತ ಹಾಕಿದರೆ ಮತ್ತೆ ನುಸುಳಬಹುದಿತ್ತು. ಅಕ್ಟೋಬರ್ 7ಕ್ಕೆ 2.4.51 ಬಿಡುಗಡೆ ಮಾಡಬೇಕಾಯಿತು. ಸಂಕೇತವನ್ನು ಒಂದೇ ಸಲ ಬಿಡಿಸಬೇಕು, “ಯಾವುದಕ್ಕೂ ಇರಲಿ” ಎಂದು ಎರಡನೇ ಸಲ ಬಿಡಿಸುವುದು ರಕ್ಷಣೆಯಲ್ಲ, ಬಾಗಿಲು ತೆರೆದಂತೆ.

“ಕನ್ನಡ ಅಕ್ಷರ ಬಂದರೆ ಸಿ ಕೋಡ್ ಕೆಡುತ್ತದೆ”

ಇದೊಂದು ಹಳೆಯ ಹೆದರಿಕೆ, ಅರ್ಧದಷ್ಟು ಮಾತ್ರ ನಿಜ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್, ಆ ಮೂರೂ 128 ಅಥವಾ ಅದಕ್ಕಿಂತ ದೊಡ್ಡ ಬೆಲೆಯವು. ಸ್ಲ್ಯಾಶ್ 47, ಚುಕ್ಕಿ 46. ಹಾಗಾಗಿ ಕನ್ನಡ ಅಕ್ಷರದ ಒಳಗೆ ಸ್ಲ್ಯಾಶ್ ಅಥವಾ ಚುಕ್ಕಿ ಅಡಗಿ ಕೂರುವ ಪ್ರಶ್ನೆಯೇ ಇಲ್ಲ. ಬೈಟ್ ಬೈಟ್ ಓದುವ ಸಾಮಾನ್ಯ ಸಿ ಕೋಡ್ ಕನ್ನಡ ಪಾತನ್ನು ಸರಿಯಾಗಿ ಬಿಡಿಸುತ್ತದೆ.

ಕೆಡುವುದು ಬೇರೆ ಕಡೆ. ಒಂದು, ಉದ್ದ. “ಮಸ್ಕಿ” ಐದು ಯೂನಿಕೋಡ್ ಸಂಕೇತ, ಹದಿನೈದು ಬೈಟ್, ಶೇಕಡಾ ಸಂಕೇತದಲ್ಲಿ 45 ಅಕ್ಷರ. “ಲಿಂಗಸುಗೂರು” 90. ಊರಿನ ಹೆಸರಿಗೆ 64 ಬೈಟ್ ಸಾಕು ಎಂದು ಬಫರ್ ಕಟ್ಟಿದ ಕೋಡ್ ಅಲ್ಲೇ ಉಕ್ಕಿ ಹರಿಯುತ್ತದೆ. ಎರಡು, ನಮ್ಮ ಮಾಮೂಲಿ ಪಿಸಿಗಳಲ್ಲಿ ಕ್ಯಾರ್ ಎಂಬುದು ಸೈನ್ಡ್, ಅಲ್ಲಿ ಕನ್ನಡದ ಬೈಟ್ ಋಣ ಸಂಖ್ಯೆಯಾಗುತ್ತದೆ. ಅದನ್ನು ಹಾಗೇ ಅಕ್ಷರ ಪರೀಕ್ಷಿಸುವ ಲೈಬ್ರರಿ ಫಂಕ್ಷನ್‌ಗೆ ಕೊಡಬಾರದು, ಅನ್‌ಸೈನ್ಡ್ ಮಾಡಿಯೇ ಕೊಡಬೇಕು.

ಮೂರನೆಯದು ನನಗೆ ಹೆಚ್ಚು ಚಿಂತೆಯ ವಿಷಯ. “ಕೋಟೆ” ಎಂಬುದರ ಮೊದಲ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಸಂಕೇತವಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ “ಕೋಟೆ”. ಬೈಟ್‌ಗಳಲ್ಲಿ ಒಂದಕ್ಕೆ ಮೂರು, ಇನ್ನೊಂದಕ್ಕೆ ಒಂಬತ್ತು. ಬೈಟ್ ಹೋಲಿಸುವ ಸರ್ವರ್‌ಗೆ ಇವು ಎರಡು ಬೇರೆ ಪುಟ. ಚುಕ್ಕಿ ತೆಗೆಯುವ ನಿಯಮ ಇದನ್ನು ಮುಟ್ಟುವುದಿಲ್ಲ. ಕನ್ನಡ ಪಾತ್ ಇಟ್ಟುಕೊಳ್ಳುವವರು ಹೆಸರನ್ನು ಉಳಿಸುವ ಮುನ್ನವೇ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತರಬೇಕು, ಹುಡುಕಲು ಬಂದ ಹೆಸರನ್ನೂ ಹಾಗೇ ತರಬೇಕು.

ಕೋಡ್ ಬರೆದ ಮೇಲೆ ಪರೀಕ್ಷೆಗೆ ಬೇರೆಲ್ಲೂ ಹುಡುಕಬೇಕಿಲ್ಲ. ಆರ್‌ಎಫ್‌ಸಿ 3986ರ 5.4ನೇ ಭಾಗದಲ್ಲಿ ಮಾಮೂಲು ಮತ್ತು ವಿಚಿತ್ರ ಎರಡೂ ಬಗೆಯ ಉದಾಹರಣೆಗಳು ಉತ್ತರ ಸಮೇತ ಇವೆ. ಅವನ್ನೆಲ್ಲ ನಿಮ್ಮ ಟೆಸ್ಟ್‌ಗೆ ಹಾಕಿ. ಜೊತೆಗೆ /ಹಟ್ಟಿ//../ಗಣಿ, /../../ಮಸ್ಕಿ, 45%2ಎಫ್2, .%2ಇ/ ಮತ್ತು ಎರಡೂ ಬಗೆಯ “ಕೋಟೆ” ಸೇರಿಸಿ, ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಚ್ಚಿ ಓಡಿಸಿ. ಲಿನಕ್ಸ್ ಮತ್ತು ಈಚಿನ ಜಿಸಿಸಿ ಇದ್ದ ಲ್ಯಾಬಿನಲ್ಲಿ ಅದು ಉಚಿತವಾಗಿ ಸಿಗುತ್ತದೆ.